ಹಸಿರು ಗೆರೆಗಳು

"ಎಂಟರ್ ಒತ್ಬ್ಯಾಡ ಅಂದೆ ತಾನೆ ಕಣವ್ವಾ? ಮತ್ತೆ ಒತ್ಬುಟ್ಯಾ?"

ಫೋನನ್ನು ಸ್ಪೀಕರಿಗೆ ಹಾಕಿ ಕೀಬೋರ್ಡಿನ ಪಕ್ಕ ಒರಗಿಸಿಟ್ಟಿದ್ದ ಧರಣಿ ನಾಲಿಗೆ ಕಚ್ಚಿಕೊಂಡಳು. ಒತ್ತಿಬಿಟ್ಟಿದ್ದಳು. ಪರದೆ ಮುಂದಿನ ಸಾಲಿಗೆ ಹೋಗುವ ಬದಲು ಟೋಪಿಯಂಥದೊಂದು ಗುರುತನ್ನೂ ಅದರ ಬೆನ್ನಿಗೇ ಒಂದು ‘ಎಮ್’ ಅನ್ನೂ ಉಗುಳಿ ಸುಮ್ಮನಾಗಿತ್ತು. ಒಂದು ವಾರದಿಂದ ಇದೇ ಹಣೆಬರಹ.

"ಅಭ್ಯಾಸಬಲ ಬೀರೇಶಣ್ಣ, ಕೈ ತಾನಾಗೇ ಹೋಗ್ಬಿಡುತ್ತೆ."

"ಹೋಯ್ತದೆ ಬುಡು, ಎಲ್ರಿಗೂ ಹೋಯ್ತದೆ. ಈಗ ಪರ್ದೆ ಎಂಗದೆ ಯೇಳು."

ಹೇಗಿದೆ ಅಂತ ಏನು ಹೇಳುವುದು? ಕಪ್ಪು ಗಾಜಿನ ಮೇಲೆ ಹಸಿರು ಬಣ್ಣದ ಅಡ್ಡಗೆರೆ, ಉದ್ದಗೆರೆ, ಮೂಲೆ, ಪುಟ್ಟ ಸೊನ್ನೆ. ಇಂಗ್ಲಿಷಿನ ಯಾವ ಚಿಕ್ಕ ಅಕ್ಷರ ಒತ್ತಿದರೂ ಇವೇ. ಪುಟ್ಟ ಮಗು ರಂಗೋಲಿ ಬಿಡಲು ಹೋಗಿ ಅರ್ಧಕ್ಕೇ ಎದ್ದು ಹೋದ ಹಾಗಿತ್ತು. "ಹಾಗೇ ಇದೆ ಅಣ್ಣ. ನೀವು ಹೇಳಿದ ಹಾಗೆ ರೀಸೆಟ್ ಅಂತ ಹೊಡೆದೆ. ಅದೂ ಗೆರೆ ಗೆರೆಯಾಗೇ ಬಂತು."

"ಬರ್ಲಿ. ನೀನು ಪರ್ದೆ ನೋಡ್ಬ್ಯಾಡ, ಬೆರಳು ನೋಡ್ಕೊಂಡು ಹೊಡಿ. ಕಾಣೋದು ಕೆಟ್ಟದೆ ಅಷ್ಟೆಯ. ಒಳಕ್ಕೆ ಅಕ್ಷರ ಸರಿಯಾಗೇ ಹೋಯ್ತಾ ಇರ್ತದೆ. ಎರಡೂ ಕಡೆ ಹಾಕ್ಲಾ ಸಾರ್? ನಿನಗಲ್ಲ ಕಣವ್ವ, ಇಲ್ಲಿ ಗಿರಾಕಿ."

ಬೀರೇಶ ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ಧರಣಿಯ ಅಪ್ಪ ಕುಮಾರಸ್ವಾಮಿಯವರ ಕೈಕೆಳಗೆ ಹದಿನೆಂಟು ವರ್ಷ ಕೆಲಸ ಮಾಡಿದವನು. ವಿಭಾಗ ಮುಚ್ಚಿದ ಮೇಲೆ ಹಿನಕಲ್ಲಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ. ವಿಭಾಗದ ಹಳೇ ಸಾಮಾನುಗಳೆಲ್ಲ ಗುಜರಿಗೆ ಹೋಗುವಾಗ ಕುಮಾರಸ್ವಾಮಿಯವರು ಪರದೆ, ಕೀಬೋರ್ಡು ಎರಡೇ ಇರುವ ಈ ಟರ್ಮಿನಲ್ಲನ್ನೂ ಅದಕ್ಕೆ ಜೊತೆಯಾದ, ಬರೆದದ್ದೆಲ್ಲ ಉಳಿಯುವ ಒಂದು ಕಬ್ಬಿಣದ ಪೆಟ್ಟಿಗೆಯನ್ನೂ ಆಟೋದಲ್ಲಿ ಹಾಕಿಕೊಂಡು ಕುವೆಂಪುನಗರದ ಮನೆಗೆ ತಂದಿದ್ದರು. "ಎಮ್ಮೆ ಹೊತ್ಕೊಂಡು ಬಂದ್ರಲ್ಲಪ್ಪ" ಎಂದು ಹೆಂಡತಿ ಪ್ರೇಮಮ್ಮ ಹಣೆ ಚಚ್ಚಿಕೊಂಡಿದ್ದರು. ಎಮ್ಮೆಗೆ ನಡುಮನೆಯ ಕಿಟಕಿ ಪಕ್ಕ ಜಾಗವಾಯಿತು. ದಿನಾ ಬೆಳಗ್ಗೆ ಹತ್ತಕ್ಕೆ ಸರಿಯಾಗಿ, ಆಫೀಸಿಗೆ ಹೋದವರಂತೆ ಇಸ್ತ್ರಿ ಶರ್ಟು ತೊಟ್ಟು, ಅದರ ಮುಂದೆ ಕೂತು ಒಂದು ಗಂಟೆ ದಿನಚರಿ ಬರೆಯುತ್ತಿದ್ದರು. ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ. ಧರಣಿ ಒಮ್ಮೆ ಕದ್ದು ಓದಿದ್ದಳು. ‘ಇವತ್ತು ನೀರು ಬಂತು. ಪ್ರೇಮ ಉಪ್ಪಿಟ್ಟಿಗೆ ಉಪ್ಪು ಹಾಕುವುದನ್ನು ಮರೆತಳು. ಹೇಳಲಿಲ್ಲ.’ ಹನ್ನೊಂದು ವರ್ಷ ಹೀಗೇ ನಡೆದಿತ್ತು. ಜೂನ್ ತಿಂಗಳ ಒಂದು ಬೆಳಗ್ಗೆ ಶರ್ಟಿನ ಗುಂಡಿ ಹಾಕಿಕೊಳ್ಳುತ್ತ ಕುಸಿದುಬಿದ್ದರು.

ಪ್ರಾಣ ಉಳಿಯಿತು, ಕೈಕಾಲು ಸುಮಾರಾಗಿ ಉಳಿಯಿತು. ಮಾತು ಹೋಯಿತು. ಹೋಯಿತು ಎಂದರೂ ಪೂರಾ ಹೋಗಲಿಲ್ಲ, ಒಂದೇ ಒಂದು ಮಾತು ಉಳಿಯಿತು. ಊಟ ಬೇಕಾ ಅಂದರೆ "ಹದಿನಾಲ್ಕು." ನೋಯ್ತಾ ಇದೆಯಾ ಅಂದರೆ "ಹದಿನಾಲ್ಕು." ಸಿಟ್ಟು ಬಂದರೆ ಅದನ್ನೇ ಗದರಿ, ಬೇಜಾರಾದರೆ ಅದನ್ನೇ ಮೆಲ್ಲಗೆ. ಪ್ರೇಮಮ್ಮ ಆ ಹದಿನಾಲ್ಕರ ಬೆನ್ನುಬಿದ್ದು ಪಂಚಾಂಗ, ಮದುವೆ ಕರೆಯೋಲೆ, ಬ್ಯಾಂಕಿನ ಲಾಕರ್ ನಂಬರು ಎಲ್ಲ ತಡಕಾಡಿದರು. ಏನೂ ಸಿಗಲಿಲ್ಲ. ಮಾತು ಕಲಿಸಲು ಬರುತ್ತಿದ್ದ ಪವಿತ್ರ ಎಂಬ ಹುಡುಗಿ, ಅದಕ್ಕೆ ಅರ್ಥ ಹುಡುಕಬೇಡಿ, ಬಾಯಿಗೆ ಸಿಕ್ಕ ಮಾತು ಅದೊಂದೇ, ಎಂದು ಹೇಳಿದಳು. ಸ್ಲೇಟು ಕೊಟ್ಟು ನೋಡಿದಳು. ಬಳಪ ಕೆಳಗೆ ಬಿತ್ತು. ಫೋನು ಕೊಟ್ಟರೆ ತಳ್ಳಿಬಿಟ್ಟರು. ಹೋಗುವಾಗ ಧರಣಿಯನ್ನು ಗೇಟಿನ ಹತ್ತಿರ ನಿಲ್ಲಿಸಿ, "ಕೀಬೋರ್ಡಲ್ಲಿ ಕೈ ಪಳಗಿದೆ ಅಂದ್ರಲ್ಲ, ಅದನ್ನ ಕೊಟ್ಟು ನೋಡಿ. ಬಾಯಲ್ಲಿ ಬರದೇ ಇದ್ದದ್ದು ಕೆಲವರಿಗೆ ಕೈಯಲ್ಲಿ ಬರುತ್ತೆ. ಆದ್ರೆ ಆಸೆ ಇಟ್ಕೋಬೇಡಿ ಮೇಡಂ" ಅಂದಿದ್ದಳು.

ಆಸೆ ಇಟ್ಟುಕೊಳ್ಳದೆ ಇರುವುದು ಹೇಗೆ? ಹೋದ ಶುಕ್ರವಾರ ಅಪ್ಪನನ್ನು ಟರ್ಮಿನಲ್ ಮುಂದೆ ತಂದು ಕೂರಿಸಿದರೆ, ಐದು ತಿಂಗಳು ಚಮಚ ಹಿಡಿಯಲು ಒದ್ದಾಡಿದ ಆ ಬೆರಳುಗಳು ಕೀಗಳ ಮೇಲೆ ಇಳಿದದ್ದೇ ತಡ, ಹಳೇ ವೇಗದಲ್ಲಿ ಓಡತೊಡಗಿದವು. ಟಕಟಕ ಸದ್ದು ಕೇಳಿ ಪ್ರೇಮಮ್ಮ ಒಗ್ಗರಣೆ ಸೌಟು ಹಿಡಿದುಕೊಂಡೇ ಓಡಿ ಬಂದರು. ಕುಮಾರಸ್ವಾಮಿಯವರು ಏನೇನೋ ಹೊಡೆದರು. ಪರದೆ ತುಂಬ ಏನೋ ಭರಭರ ಸುರಿಯಿತು. ನಿಂತಾಗ ಅಕ್ಷರಗಳ ಜಾಗದಲ್ಲಿ ಗೆರೆಗಳಿದ್ದವು. ಅವರು ಬರೆಯುತ್ತಲೇ ಇದ್ದರು. ಗೆರೆಗಳೂ ಬರುತ್ತಲೇ ಇದ್ದವು.

ಪ್ರೇಮಮ್ಮನ ಸೌಟು ಅಲ್ಲೇ ಬಿತ್ತು. ಅವತ್ತು ಬೆಳಗ್ಗೆ, ಇಷ್ಟು ದಿನದ ಮೇಲೆ ಯಜಮಾನರು ಕೂರುತ್ತಾರೆಂದು, ಆಯುಧಪೂಜೆಯ ದಿನ ಮಾಡುವ ಹಾಗೆ ಟರ್ಮಿನಲ್ಲನ್ನು ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಕೀಬೋರ್ಡಿನ ಸಂದುಗೊಂದು ಬಿಡದೆ ಉಜ್ಜಿ, ಅರಿಶಿನ ಕುಂಕುಮ ಇಟ್ಟು ಊದುಬತ್ತಿ ಬೆಳಗಿದ್ದರು. "ನಾನೇ ಕಣೇ, ನಾನೇ ಕೆಡಿಸ್ಬುಟ್ಟೆ" ಎಂದು ಶುರು ಮಾಡಿದವರು ವಾರವಿಡೀ ಅದನ್ನೇ ಜಪ ಮಾಡಿದರು. ಸರಿಹೋದರೆ ಮಂಡಿನೋವು ಲೆಕ್ಕಿಸದೆ ಬೆಟ್ಟದ ಮೆಟ್ಟಿಲು ಹತ್ತುತ್ತೇನೆಂದು ಚಾಮುಂಡಿಗೆ ಹರಕೆಯನ್ನೂ ಹೊತ್ತರು.

ಇವತ್ತು ಮತ್ತೆ ಶುಕ್ರವಾರ. ಚಾಮರಾಜಪುರಂ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ಧರಣಿ ಅರ್ಧ ದಿನ ರಜೆ ಹಾಕಿ ಸ್ಕೂಟರಿನಲ್ಲಿ ಬಂದಿದ್ದಳು. ಅಪ್ಪನನ್ನು ತನ್ನ ಹಿಂದೆ ಬೆತ್ತದ ಕುರ್ಚಿಯಲ್ಲಿ ಕೂರಿಸಿದ್ದಳು. ಇಸ್ತ್ರಿ ಶರ್ಟು ತೊಟ್ಟಿದ್ದರು.

"ಆಫ್ ಮಾಡಿ ಆನ್ ಮಾಡಿದ್ರೆ ಆಗಲ್ವಾ ಅಣ್ಣ?"

"ಟರ್ಮಿನಲ್ಲು ಬೇಕಾದ್ರೆ ಸಾವಿರ ಸಲ ಮಾಡು, ಕೆಟ್ಟಿದ್ದೇ ಅದ್ರ ಮೆಮರೀಲಿ ಕೂತ್ಬುಟ್ಟದೆ. ಟೇಬಲ್ ಕೆಳಗಿನ ಪೆಟ್ಟಿಗೆ ಮಾತ್ರ ಮುಟ್ಬ್ಯಾಡ. ಡಿಸ್ಕು ಮುದುಕ ಆಗೋಗದೆ. ಒಂದ್ಸಲ ನಿಂತ್ರೆ ಮತ್ತೆ ಏಳಾಕಿಲ್ಲ. ಕೇಳಿಲ್ಲಿ. ಕಂಟ್ರೋಲ್ ಹಿಡ್ಕೊಂಡು ಜೆ ಒತ್ತು. ಸರಿಯಾಗೋವರ್ಗೂ ಎಂಟರ್ ಬದ್ಲು ಅದೇಯ."

ಒತ್ತಿದಳು. ಪರದೆ ಒಂದು ಸಾಲು ಮೇಲೆ ಸರಿಯಿತು. ಒಂದು ವಾರದಲ್ಲಿ ಮೊದಲ ಸಲ ಸರಿದಿತ್ತು.

"ಸರೀತಾ? ಅಂಗಾದ್ರೆ ಬದುಕದೆ. ಈಗ ಎಸ್ ಟಿ ಟಿ ವೈ, ಒಂದು ಸ್ಪೇಸು, ಎಸ್ ಎ ಎನ್ ಇ. ಕಂಟ್ರೋಲ್ ಜೆ. ಹೊಡೆದ್ಯಾ? ಈಗ ರೀಸೆಟ್. ಕಂಟ್ರೋಲ್ ಜೆ."

ಬೆರಳು ನೋಡಿಕೊಂಡೇ ಹೊಡೆದಳು. ಪರದೆ ಖಾಲಿಯಾಯಿತು. ಏನೂ ಇಲ್ಲ. ಹೋಯಿತು, ಇಷ್ಟೂ ಹೋಯಿತು ಎಂದುಕೊಳ್ಳುವಷ್ಟರಲ್ಲಿ ಮೇಲಿನ ಮೂಲೆಯಲ್ಲಿ ಅಪ್ಪನ ಹೆಸರು, ಇಂಗ್ಲಿಷಿನ ಪುಟ್ಟ ಪುಟ್ಟ ಅಕ್ಷರಗಳಲ್ಲಿ, ಮುತ್ತು ಪೋಣಿಸಿದ ಹಾಗೆ ಬಂದು ಕೂತಿತು. ಅದರ ಮುಂದೆ ಹಸಿರು ಚೌಕವೊಂದು ಮಿಣುಕುತ್ತಿತ್ತು.

"ಬಂತು ಬೀರೇಶಣ್ಣ!"

"ಬಂತಾ? ಏನಾದ್ರೂ ಹೊಡೆದು ನೋಡು. ಹೊಡೆದಿದ್ದೇ ಬಂದ್ರೆ ಮಿಷಿನ್ನಲ್ಲಿ ಏನೂ ತಪ್ಪಿಲ್ಲ ಅಂತ್ಲೇ."

ತನ್ನ ಹೆಸರು ಹೊಡೆದಳು. ಅದೇ ಬಂತು. ಅಳಿಸಿದಳು, ಅಳಿಸಿ ಹೋಯಿತು.

"ಇದು ಹೇಗೆ ಕೆಟ್ಟಿತು ಅಣ್ಣ? ಅಮ್ಮ ಒದ್ದೆ ಬಟ್ಟೆಯಲ್ಲಿ ಒರೆಸಿದ್ದಕ್ಕಾ?"

"ಥೂ, ಅದಕ್ಕೆಲ್ಲ ಹಿಂಗಾಗ್ತದಾ? ಮಿಷಿನ್ನು ಮಾತ್ರ ಓದೋ ಫೈಲು ಯಾವುದೋ ತೆಗ್ದವ್ರೆ, ಅಷ್ಟೆಯ. ಕ್ಯಾಟ್ ಅಂತ ಹೊಡೆದು ಬಿನ್ ಒಳಗಿರೋ ಎಲ್ಲೆಸ್ ಫೈಲ್ ತೆಗಿ, ನೋಡ್ತಾ ನೋಡ್ತಾ ಇದೇ ಗತಿ ಆಯ್ತದೆ. ನೀನು ತೆಗೀಬ್ಯಾಡ ಮತ್ತೆ! ಸ್ವಾಮಿ ಸಾರು ನಮಗೆ ಮೊದಲ್ನೇ ದಿನಾನೇ ಯೇಳಿದ್ರು, ಆ ಕಡೆ ತಲೆ ಹಾಕ್ಬ್ಯಾಡ್ರೋ ಅಂತ." ಬೀರೇಶ ಗಂಟಲು ಸರಿಮಾಡಿಕೊಂಡ. "ಅವರು ಆ ತಪ್ಪು ಮಾಡೋ ಪೈಕಿ ಅಲ್ಲ ಕಣವ್ವ. ಅದೇ ನಂಗೆ… ಹೋಗ್ಲಿ ಬುಡು. ಕೂರ್ಸು, ಬರೀಲಿ. ಗಿರಾಕಿ ಕಾಯ್ತಾವ್ರೆ."

ಧರಣಿ ಫೋನು ಇಟ್ಟಳು. ವಾರದಿಂದ ಅವಳನ್ನು ಎತ್ತಿ ನಿಲ್ಲಿಸಿದ್ದು ಹೋದ ಶುಕ್ರವಾರದ ಫೋನಿನಲ್ಲೂ ಬೀರೇಶ ಹೇಳಿದ್ದ ಒಂದೇ ಮಾತು: ಕಾಣೋದು ಕೆಟ್ಟಿದೆ ಅಷ್ಟೆ, ಒಳಗೆ ಎಲ್ಲ ಸರಿಯಾಗೇ ಹೋಗ್ತಾ ಇರುತ್ತೆ. ಪಾಠ ಮಾಡುವಾಗ, ಸಿಗ್ನಲ್ಲಿನಲ್ಲಿ ನಿಂತಾಗ, ಅದನ್ನೇ ನೆನೆದಿದ್ದಳು. ಅಪ್ಪ ಬರೆದದ್ದೆಲ್ಲ ಆ ಗೆರೆಗಳ ಹಿಂದೆ ಎಲ್ಲೋ ಇದೆ, ಗೆರೆ ಸರಿಸಿದರೆ ಸಾಕು ಅಂದುಕೊಂಡಿದ್ದಳು.

"ಬಾಪ್ಪ."

ಕುಮಾರಸ್ವಾಮಿಯವರು ಬಂದು ಕೂತರು. ಖಾಲಿ ಪರದೆ ನೋಡಿ ಮುಖ ಅರಳಿತು. ಕಾಲರು ಸರಿಮಾಡಿಕೊಂಡರು. ಬೆರಳುಗಳು ಇಳಿದವು, ಟಕಟಕ, ಟಕಟಕ, ನಡುವೆ ಸ್ಪೇಸು, ಮತ್ತೆ ಟಕಟಕ. ಅಡುಗೆಮನೆಯಲ್ಲಿ ನಲ್ಲಿಯ ಸದ್ದು ನಿಂತಿತು. ಪ್ರೇಮಮ್ಮ ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದರು, ಬಂದು ನೋಡುವ ಧೈರ್ಯವಿಲ್ಲದೆ.

ಧರಣಿ ಓದಿದಳು. ಎಸ್, ಡಿ, ಡಿ, ಎಫ್. ಸ್ಪೇಸು. ನಾಲ್ಕು ಎಲ್. ಒಂದು ಕೆ. ಸ್ಪೇಸು. ಜೆ ಎಫ್ ಜೆ ಎಫ್ ಜೆ. ಹೀಗೇ ಎರಡು ಸಾಲು. ಒಂದಾದರೂ ಪದ ಸಿಕ್ಕೀತೇ ಎಂದು ಹಿಂದಿನಿಂದ ಓದಿದಳು, ಬಿಡಿಸಿ ಓದಿದಳು, ಕೂಡಿಸಿ ಓದಿದಳು. ಪ್ರೇಮ ಇಲ್ಲ, ನೀರು ಇಲ್ಲ, ಉಪ್ಪಿಲ್ಲ. ಬೆರಳು ಬಿದ್ದಲ್ಲಿ ಬಿದ್ದ ಅಕ್ಷರಗಳು, ಒಂದೂ ತಪ್ಪದೆ, ಹೊಡೆದದ್ದು ಹೊಡೆದ ಹಾಗೇ.

ಕುಮಾರಸ್ವಾಮಿಯವರು ಬರೆಯುವುದನ್ನು ನಿಲ್ಲಿಸಿ ಪರದೆಯ ಹತ್ತಿರ ಬಾಗಿ ಓದಿದರು. ಮೊದಲಿನಿಂದ ಕೊನೆಯವರೆಗೆ, ತುಟಿ ಆಡಿಸುತ್ತ. ಕೊನೆಯಲ್ಲಿ ಏನೋ ತಪ್ಪು ಕಂಡಿತು. ಮೂರು ಅಕ್ಷರ ಹಿಂದಕ್ಕೆ ಅಳಿಸಿ, ಎಲ್ ಇದ್ದಲ್ಲಿ ಕೆ ಹಾಕಿ, ಉಳಿದೆರಡನ್ನು ಮತ್ತೆ ಹೊಡೆದರು. ಈಗ ಸರಿಯಾಯಿತು ಎಂಬಂತೆ ತಲೆಯಾಡಿಸಿದರು. ಆಮೇಲೆ ಮಗಳ ಕಡೆ ತಿರುಗಿದರು. ಐದು ತಿಂಗಳಲ್ಲಿ ಆ ಮುಖದಲ್ಲಿ ಅಂಥ ನೆಮ್ಮದಿಯನ್ನು ಅವಳು ಕಂಡಿರಲಿಲ್ಲ. ಹೇಳಬೇಕಾದ್ದನ್ನು ಅಂತೂ ಹೇಳಿದ್ದರು. ಇನ್ನು ಉತ್ತರ ಅವಳು ಕೊಡಬೇಕಿತ್ತು.

"ಹದಿನಾಲ್ಕು?" ಎಂದು ಕೇಳಿದರು.

"ಹೂಂ ಅಪ್ಪ," ಅಂದಳು ಧರಣಿ. "ಹೂಂ. ಗೊತ್ತಾಯ್ತು."

"ಏನಾಯ್ತೇ?" ಅಡುಗೆಮನೆಯಿಂದ ಪ್ರೇಮಮ್ಮನ ದನಿ ಬಂತು. "ಸರಿಹೋಯ್ತಾ? ಏನಂತ ಬರ್ದವ್ರೆ? ಕನ್ನಡಕ ಹಾಕ್ಕೊಂಡು ಬರ್ತೀನಿ ತಡಿ, ಅಲ್ಲೇ ಇರ್ಲಿ, ಅಳಿಸ್ಬೇಡಿ!"

ಹೇಳಿಬಿಡಬಹುದಿತ್ತು. ಅಮ್ಮ, ನಿನ್ನ ಒದ್ದೆ ಬಟ್ಟೆಯಿಂದ ಏನೂ ಆಗಿರಲಿಲ್ಲ, ತಪ್ಪು ನಿನ್ನದಲ್ಲ, ಮಿಷಿನ್ನಿನದೂ ಅಲ್ಲ. ಅಷ್ಟು ಹೇಳಿದರೆ ಅಮ್ಮ ಒಂದು ಪಾಪದಿಂದ ಬಿಡುಗಡೆಯಾಗುತ್ತಿದ್ದರು. ಆಮೇಲೆ? ಬೆಟ್ಟದ ಹರಕೆ ಯಾಕೆ, ಶುಕ್ರವಾರ ಯಾಕೆ, ಇಸ್ತ್ರಿ ಶರ್ಟು ಯಾಕೆ? ಕನ್ನಡಕ ದೇವರಮನೆಯ ಗೂಡಿನಲ್ಲಿರುತ್ತದೆ. ತೆಗೆದುಕೊಂಡು ಬರಲು ಅರ್ಧ ನಿಮಿಷ ಸಾಕು.

ಧರಣಿ ಅಪ್ಪನ ಭುಜದ ಮೇಲಿಂದ ಕೈ ಚಾಚಿದಳು. ಅವರು ಬರೆದದ್ದನ್ನು ಅಳಿಸಲು ಮನಸ್ಸು ಬರಲಿಲ್ಲ. ಕಂಟ್ರೋಲ್ ಹಿಡಿದು ಸಿ ಒತ್ತಿದಳು, ಅದು ಹಾಗೇ ಉಳಿದು ಚೌಕ ಕೆಳಗಿನ ಸಾಲಿಗೆ ಇಳಿಯಿತು. ಕ್ಯಾಟ್. ಸ್ಪೇಸು. ಓರೆಗೆರೆ, ಬಿನ್, ಓರೆಗೆರೆ, ಎಲ್ಲೆಸ್. ಎಂಟರ್.

ಪರದೆ ಭರಭರ ಸುರಿಯಿತು. ಎರಡು ಸಲ ಬೀಪ್ ಎಂದಿತು. ಅಪ್ಪ ಬರೆದ ಎರಡು ಸಾಲು ಮೇಲಕ್ಕೆ ಓಡಿ ಮರೆಯಾದವು. ನಿಂತಾಗ, ಕುಮಾರಸ್ವಾಮಿ ಎಂಬ ಹೆಸರೂ ಗೆರೆಗಳಾಗಿ ನಿಂತಿತ್ತು.

ಕುಮಾರಸ್ವಾಮಿಯವರು ಪರದೆಯನ್ನು ನೋಡಿದರು. ಆಮೇಲೆ ಮಗಳ ಬೆರಳುಗಳನ್ನು ನೋಡಿದರು. ಎಲ್ಲ ಮರೆತವರಿಗೂ ಇದೊಂದು ನೆನಪಿತ್ತೋ ಏನೋ, ಮೂವತ್ತು ವರ್ಷ ಬೇರೆಯವರಿಗೆ ಮಾಡಬೇಡಿ ಎಂದು ಹೇಳಿಕೊಟ್ಟದ್ದಲ್ಲವೇ. ಬೈಯಲಿಲ್ಲ. "ಹದಿನಾಲ್ಕು," ಅಂದರು, ಬಹಳ ಮೆಲ್ಲಗೆ. ಧರಣಿ ತಲೆ ತಗ್ಗಿಸಿದಳು.

ಪ್ರೇಮಮ್ಮ ಕನ್ನಡಕ ಏರಿಸಿಕೊಳ್ಳುತ್ತ ಬಂದು ನಿಂತರು.

"ಇಲ್ಲಮ್ಮ," ಅಂದಳು ಧರಣಿ. "ಒಂದು ಗಳಿಗೆ ಬಂದ ಹಾಗಾಯ್ತು. ಮತ್ತೆ ಹೋಯ್ತು."

"ಹೋಯ್ತಾ? ಅಯ್ಯೋ ನನ್ ಕರ್ಮವೇ. ಎಲ್ಲ ನಂದೇ ಕಣೇ. ಯಾವ ಗಳಿಗೇಲಿ ಆ ಬಟ್ಟೆ ಒದ್ದೆ ಮಾಡ್ಕೊಂಡೆನೋ." ಸೆರಗಿನ ತುದಿಯಿಂದ, ಒಣಗಿದೆಯೇ ಎಂದು ಮೊದಲು ಕೆನ್ನೆಗೆ ಒತ್ತಿ ನೋಡಿಕೊಂಡು, ಕೀಬೋರ್ಡಿನ ಅಂಚನ್ನು ಮುಟ್ಟಿಯೂ ಮುಟ್ಟದ ಹಾಗೆ ಒರೆಸಿದರು. "ಇರ್ಲಿ ಬುಡು. ಬಂದ ಹಾಗಾಯ್ತು ಅಂದ್ಯಲ್ಲ, ಅಷ್ಟಾಯ್ತಲ್ಲ. ಭಾನುವಾರ ಬೀರೇಶನ್ನೇ ಕರೆಸೋಣ, ಒಬ್ಬಟ್ಟು ಮಾಡ್ತೀನಿ."

ಕುಮಾರಸ್ವಾಮಿಯವರು ಮತ್ತೆ ಬೆರಳು ಇಳಿಸಿದರು. ಟಕಟಕ, ಟಕಟಕ. ಅಡ್ಡಗೆರೆ, ಉದ್ದಗೆರೆ, ಮೂಲೆ, ಪುಟ್ಟ ಸೊನ್ನೆ. ಪ್ರೇಮಮ್ಮ ಮಣೆಯೊಂದನ್ನು ಕಾಲಲ್ಲಿ ಸರಿಸಿಕೊಂಡು ಕುರ್ಚಿಯ ಪಕ್ಕ ಕೂತರು. ಹಸಿರು ಬೆಳಕು ಅವರ ಕನ್ನಡಕದ ಮೇಲೆ ಸಾಲು ಸಾಲಾಗಿ ಏರುತ್ತಿತ್ತು.

"ನೋಡೇ," ಎಂದು ಮಗಳ ಕೈ ಹಿಡಿದು ಎಳೆದರು. "ಇವತ್ತು ಎಷ್ಟೊಂದು ಬರೀತಾವ್ರೆ."