ಸರಪಳಿಗೆ ಹಾಕಿದ ಎಣ್ಣೆ

ದ್ಯಾವಯ್ಯ ನೋಟೀಸನ್ನು ಎರಡು ಸಲ ಓದಿದರು. ಮೊದಲು ಕನ್ನಡಕವಿಲ್ಲದೆ, ಆಮೇಲೆ ಕನ್ನಡಕ ಹಾಕಿಕೊಂಡು. ಎರಡು ಸಲವೂ ಅದು ಹೇಳಿದ್ದು ಒಂದೇ ಮಾತು. ಠಾಣೆಯ ಆಯುಧ ಕೊಠಡಿಯ ಹೊಣೆ ಹೊತ್ತಿದ್ದ ಕಾನ್‌ಸ್ಟೆಬಲ್ ಮಧುಕುಮಾರ್, ಲೋಕಸಭೆ ಚುನಾವಣೆಯ ನಿಮಿತ್ತ ಠೇವಣಿ ಇಡಲು ತಂದ ಪರವಾನಗಿ ಪಿಸ್ತೂಲನ್ನು ಒರಟಾಗಿ ಎಳೆದು ಕೆಡಿಸಿದ್ದಾನೆಂದು ಮಾಲೀಕರು ದೂರು ಕೊಟ್ಟಿದ್ದಾರೆ. ಮೂರು ದಿನಗಳೊಳಗೆ ತೃಪ್ತಿಕರ ಉತ್ತರ ಬಾರದಿದ್ದಲ್ಲಿ ಅಮಾನತು.

ಮಧುಕುಮಾರ್ ದ್ಯಾವಯ್ಯನವರ ತಮ್ಮನ ಮಗ. ಅರಸೀಕೆರೆಯಿಂದ ಮೊದಲ ಬಸ್ಸಿಗೆ ಹೊರಟು, ಹಳೇಬೀಡಿನಲ್ಲಿಳಿದು, ಬಸ್ತಿಹಳ್ಳಿಯವರೆಗೆ ನಡೆದು ಬಂದಿದ್ದ. ಮೆಟ್ಟಿಲ ಮೇಲೆ ಮಂಡಿಗಳ ನಡುವೆ ಕೈಯಿರಿಸಿ ಕುಳಿತಿದ್ದವನ ಜೇಬಿನಲ್ಲಿ ಇನ್ನೊಂದು ಕಾಗದವಿತ್ತು. ಅದು ಸಬ್‌ಇನ್ಸ್‌ಪೆಕ್ಟರು ಹೇಳಿ ಬರೆಸಿದ ಕ್ಷಮಾಪಣೆ. ತನ್ನ ಅಜಾಗರೂಕತೆಯಿಂದ ಆಯುಧಕ್ಕೆ ಹಾನಿಯಾಯಿತೆಂದು ಒಪ್ಪಿಕೊಂಡು, ಮನ್ನಿಸಬೇಕೆಂದು ಬೇಡಿಕೊಂಡ ಹತ್ತು ಸಾಲು. ಸಹಿಯೊಂದು ಬಾಕಿ. ಸಹಿ ಹಾಕಿದರೆ ಕೆಲಸ ಉಳಿಯಬಹುದು, ಆಯುಧ ಕೊಠಡಿ ಮಾತ್ರ ಕೈಬಿಟ್ಟುಹೋಗುತ್ತದೆ ಎಂದು ಅವರು ಸಮಾಧಾನದ ದನಿಯಲ್ಲಿ ಹೇಳಿದ್ದರಂತೆ.

"ಯಾರ ಪಿಸ್ತೂಲು?" ಎಂದು ದ್ಯಾವಯ್ಯ ಕೇಳಿದರು.

"ಕೊಬ್ಬರಿ ಮಂಡಿ ಜಯದೇವಪ್ಪನೋರ್ದು, ದೊಡ್ಡಪ್ಪ."

ದ್ಯಾವಯ್ಯ ನೋಟೀಸನ್ನು ಮಡಿಸಿ ಕೆಳಗಿಟ್ಟರು. ಜಿಲ್ಲಾ ಸಶಸ್ತ್ರ ಪೊಲೀಸಿನಲ್ಲಿ ಮೂವತ್ತೊಂದು ವರ್ಷ ಬಂದೂಕುಗಳನ್ನು ಬಿಚ್ಚಿ, ತೊಳೆದು, ಜೋಡಿಸಿ ನಿವೃತ್ತರಾದವರು ಅವರು. ಆ ಪಿಸ್ತೂಲಿನ ಒಂದೊಂದು ಸ್ಪ್ರಿಂಗೂ ಅವರಿಗೆ ಗೊತ್ತಿತ್ತು.

ನಡೆದದ್ದನ್ನು ಮಧುಕುಮಾರ್ ನೆಲ ನೋಡುತ್ತಲೇ ಹೇಳಿದ. ಮೊನ್ನೆ ಬೆಳಿಗ್ಗೆ ಏಳೂವರೆ, ಮೈಕೊರೆಯುವ ಚಳಿ. ಜಯದೇವಪ್ಪ ಪಿಸ್ತೂಲನ್ನು ರೇಷ್ಮೆ ವಸ್ತ್ರದಲ್ಲಿ ಸುತ್ತಿ ತಂದಿದ್ದ. ಒಳಗೆ ಗುಂಡಿಲ್ಲವೆಂದು ಕಣ್ಣಾರೆ ಕಾಣದೆ ಯಾವ ಆಯುಧವನ್ನೂ ಪಡೆಯಕೂಡದೆಂಬುದು ನಿಯಮ. ಹಾಗಾಗಿ ಅವನು ಮ್ಯಾಗಜೀನು ತೆಗೆದು ಸ್ಲೈಡನ್ನು ಹಿಂದಕ್ಕೆ ಎಳೆದ. ಒಂದು ಗುಂಡು ಹಾರಿದೊಡನೆ ತಾನಾಗಿ ಹಿಂದೆ ಸರಿದು, ಮುಂದೆ ಬಂದು, ಮುಂದಿನ ಗುಂಡನ್ನು ಸೇದಿಕೊಳ್ಳುವ ಮೇಲ್ಭಾಗವೇ ಸ್ಲೈಡು. ಅದು ಅರ್ಧ ದಾರಿಗೆ ಬಂದು ನಿಂತಿತು. ಇನ್ನೆರಡು ಸಲ ಎಳೆದರೂ ಹಿಂದಕ್ಕಿಲ್ಲ, ಮುಂದಕ್ಕಿಲ್ಲ.

"ಅವರೇನಂದ್ರು?"

ಮಧುಕುಮಾರ್ ತಡೆದು ಹೇಳಿದ. "'ಎಲ್ಲಾ ಕೈಗುಣ ಕಣ್ರೀ, ಯಾರ ಕೈಗೆ ಏನು ಕೊಡಬೇಕು ಅನ್ನೋದು ಇಲಾಖೆಗೆ ಗೊತ್ತಿರಬೇಕು' ಅಂದ್ರು. ಎಲ್ಲರೂ ಅಲ್ಲೇ ನಿಂತಿದ್ರು, ದೊಡ್ಡಪ್ಪ."

ದ್ಯಾವಯ್ಯ ಕೈಚಾಚಿ ಕ್ಷಮಾಪಣೆಯನ್ನು ಇಸಿದುಕೊಂಡು ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡರು. "ಇದು ನನ್ನತ್ರ ಇರ್ಲಿ," ಎಂದರು. ಹೆಂಡತಿ ಮುನಿಯಮ್ಮ ಮುದ್ದೆ ಬಡಿಸುತ್ತೇನೆಂದು ಕರೆದದ್ದು ಅವರಿಗೆ ಕೇಳಿಸಲಿಲ್ಲ.

ಹಿಂದಿನ ಭಾದ್ರಪದದಲ್ಲಿ, ಆಯುಧಪೂಜೆಗೆ ಮೂರು ವಾರ ಮುಂಚೆ, ಜಯದೇವಪ್ಪ ಆಳು ಕಳಿಸಿ ಅವರನ್ನು ಅರಸೀಕೆರೆಗೆ ಕರೆಸಿಕೊಂಡಿದ್ದ. ಜಗುಲಿಯ ತುದಿಯಲ್ಲಿ ಹಳೆಯ ಪತ್ರಿಕೆ ಹಾಸಿಕೊಂಡು ದ್ಯಾವಯ್ಯ ಪಿಸ್ತೂಲನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದರು. ನಡುಮನೆಯ ಉಯ್ಯಾಲೆಮಣೆಯ ಮೇಲೆ ಕುಳಿತ ಜಯದೇವಪ್ಪ ತೆರೆದ ಬಾಗಿಲಿನಿಂದ ನೋಡುತ್ತಿದ್ದ. ಉಯ್ಯಾಲೆಯ ಕಬ್ಬಿಣದ ಸರಪಳಿ ಒಂದೊಂದು ಜೀಕಿಗೂ ಕಿರುಗುಟ್ಟುತ್ತಿತ್ತು. ಕೆಲಸದುದ್ದಕ್ಕೂ ಆ ಸದ್ದು ಅವರ ಹಲ್ಲಿನ ಬೇರಿನವರೆಗೂ ಇಳಿದಿತ್ತು. ತಮಗಿಂತ ಹತ್ತು ವರ್ಷ ಕಿರಿಯನಾದ ಅವನು ತಮ್ಮನ್ನು ಏಕವಚನದಲ್ಲಿ ಕರೆಯುವುದಾಗಲಿ, ಕಾಫಿ ತಮಗೆ ಆಳುಗಳ ಲೋಟದಲ್ಲಿ ಬರುವುದಾಗಲಿ ಅವರಿಗೆ ಹೊಸದಲ್ಲ. ಕೆಳಗಿನ ಕೇರಿಯಲ್ಲಿ ಹುಟ್ಟಿದವರಿಗೆ ಆ ಲೋಟದ ಗುರುತು ದೂರದಿಂದಲೇ ಸಿಗುತ್ತದೆ.

ಜೋಡಿಸಿದ ಮೇಲೆ ಅವರು ಸಾವಧಾನವಾಗಿ ತಿಳಿಸಿ ಹೇಳಿದ್ದರು. ಇಂಥ ಪಿಸ್ತೂಲಿಗೆ ತೆಳು ಎಣ್ಣೆ ಬೇಕು. ಚಳಿಗೆ ಗಟ್ಟಿಯಾಗಬಾರದು, ಕಾವಿಗೆ ಸೋರಿಹೋಗಬಾರದು, ದೂಳನ್ನು ಕರೆದು ಕೂರಿಸಿಕೊಳ್ಳಬಾರದು. ಸ್ಲೈಡು ಜಾರುವ ಎರಡು ತೋಡುಗಳಿಗೂ ನಳಿಕೆಯ ಹೊರಮೈಗೂ ಒಂದೊಂದು ತೊಟ್ಟು ಹಾಕಿ ಒರೆಸಿಬಿಟ್ಟರೆ ಸಾಕು. ಬಂದೂಕಿನ ಎಣ್ಣೆ ಮುಗಿದರೆ ಹೊಲಿಗೆ ಯಂತ್ರದ್ದಾದರೂ ನಡೆದೀತು. ಲಾರಿಯ ಗ್ರೀಸು ಬೇಡ, ಹರಳೆಣ್ಣೆ ಬೇಡ, ಕೊಬ್ಬರಿ ಎಣ್ಣೆಯಂತೂ ಬೇಡವೇ ಬೇಡ.

ಜಯದೇವಪ್ಪ ನಕ್ಕಿದ್ದ. ತನ್ನ ಗಾಣದ ಮೊದಲ ಎಣ್ಣೆ ಮಠದ ದೀಪಕ್ಕೆ ಹೋಗುತ್ತದೆ, ಈ ಕಬ್ಬಿಣಕ್ಕೆ ಅದು ಸಾಲದೋ ಎಂದಿದ್ದ. ದ್ಯಾವಯ್ಯ ವಾದಿಸದೆ, ಕಣ್ಣಿನ ಔಷಧದ ಖಾಲಿ ಶೀಸೆಯಲ್ಲಿ ತುಂಬಿ ತಂದಿದ್ದ ಬಂದೂಕಿನ ಎಣ್ಣೆಯನ್ನು ಜಗುಲಿಯ ಮೇಲಿಟ್ಟು ಬಂದಿದ್ದರು.

ಮಾರನೆಯ ದಿನ ಬೆಳಿಗ್ಗೆ ಎಂಟಕ್ಕೆ ಇಬ್ಬರೂ ಜಯದೇವಪ್ಪನ ಮನೆಯ ಮುಂದೆ ನಿಂತಿದ್ದರು. ಬಾಗಿಲು ತೆರೆದಿತ್ತು. ಜಯದೇವಪ್ಪ ಉಯ್ಯಾಲೆಯ ಮೇಲಿದ್ದ. ಕಾಲಿನಿಂದ ನೆಲವನ್ನು ಮೀಟುತ್ತಿದ್ದ. ಮಣೆ ಹಿಂದಕ್ಕೆ ಹೋಯಿತು, ಮುಂದಕ್ಕೆ ಬಂತು. ಸದ್ದಿರಲಿಲ್ಲ. ಕಬ್ಬಿಣದ ಸದ್ದನ್ನು ಕೇಳಿಯೇ ಅದರ ಕಾಯಿಲೆ ಹೇಳುತ್ತಿದ್ದ ದ್ಯಾವಯ್ಯನವರ ಕಿವಿ ಆ ಮೌನದ ಮೇಲೆ ನೆಟ್ಟುಹೋಯಿತು.

ಪಿಸ್ತೂಲಿಗೆ ಯಾವ ಎಣ್ಣೆ ಹಾಕಿದ್ದಿರೆಂದು ಅವರು ಕೇಳಿದರು. ತನ್ನ ಗಾಣದ್ದೇ ಎಂದ ಜಯದೇವಪ್ಪ. ಅದನ್ನು ಹೇಳುವಾಗ ಅವನ ದನಿಯಲ್ಲಿ ಹೆಮ್ಮೆಯಿತ್ತು. ಆಯುಧಪೂಜೆಯ ದಿನ ಧಾರಾಳವಾಗಿ ಹಾಕಿ, ಅರಿಸಿನ ಕುಂಕುಮ ಇಟ್ಟು, ರೇಷ್ಮೆಯಲ್ಲಿ ಸುತ್ತಿಟ್ಟಿದ್ದನಂತೆ. ಅಂದಿನಿಂದ ಮೊನ್ನೆಯವರೆಗೆ ಅದನ್ನು ಹೊರಕ್ಕೆ ತೆಗೆದಿರಲಿಲ್ಲ. ಹಾಗಾದರೆ ತಾವು ಕೊಟ್ಟ ಶೀಸೆ ಏನಾಯಿತೆಂಬ ಪ್ರಶ್ನೆಗೆ ಅವನು ಉತ್ತರ ಕೊಡಲಿಲ್ಲ.

ಕೊಟ್ಟವಳು ಅವನ ಹೆಂಡತಿ ಕಮಲಾಕ್ಷಮ್ಮ. ಕಾಫಿ ಹಿಡಿದು ಬಂದವಳು ದ್ಯಾವಯ್ಯನವರನ್ನು ಗುರುತಿಸಿ, ನಿಷ್ಕಪಟವಾಗಿ ಹೇಳಿದಳು.

"ನೀವು ಕೊಟ್ಟೋಗಿದ್ದ ಎಣ್ಣೆ ಬಾಳ ಚೆನ್ನಾಗೈತೆ ಕಣ್ರೀ. ಈ ಸರಪಳಿಗೆ ಹಾಕ್ದಾಗ್ಲಿಂದ ಕಿರ್ ಅಂತ ಒಂದು ದಿನಾನೂ ಅಂದಿಲ್ಲ, ನೋಡಿ."

ಉಯ್ಯಾಲೆ ನಿಂತಿತು. ಜಯದೇವಪ್ಪ ಹೆಂಡತಿಯನ್ನು ನೋಡಿದ, ಆಮೇಲೆ ಅಂಗಳದಲ್ಲಿ ನಿಂತವರನ್ನು.

"ದೇವರ ಮುಂದೆ ಇಡೋ ವಸ್ತು ಅದು," ಎಂದ. "ಎಲ್ಲೆಲ್ಲಿಂದಲೋ ಬಂದಿದ್ದನ್ನ ಅದಕ್ಕೆ ಬಳಿಯಕ್ಕಾಗ್ತದಾ? ನೀನೇ ಹೇಳು ದ್ಯಾವಯ್ಯ."

"ಉಯ್ಯಾಲೆ ಮೇಲೆ ನೀವೇ ಕೂರ್ತೀರಲ್ಲ, ಸಾವ್ಕಾರ್ರೇ."

ಮಧುಕುಮಾರ್ ತಲೆಯೆತ್ತಿದ. ತನ್ನ ದೊಡ್ಡಪ್ಪ ಇಂಥ ಬಾಗಿಲಲ್ಲಿ ಇಂಥ ಮಾತಾಡಿದ್ದನ್ನು ಅವನು ಕೇಳಿದ್ದು ಇದೇ ಮೊದಲು. ದ್ಯಾವಯ್ಯನವರ ದನಿ ಏರಿರಲಿಲ್ಲ. ಆದರೆ ಮೂವತ್ತೊಂದು ವರ್ಷ ಸಹಸ್ರಾರು ಆಯುಧಗಳನ್ನು ಮುಟ್ಟಿ, ಅವು ಸಮಯಕ್ಕೆ ಕೈಕೊಡದಂತೆ ಕಾಪಾಡಿದ ಬೆರಳುಗಳು ಜೇಬಿನಲ್ಲಿದ್ದ ಕ್ಷಮಾಪಣೆಯನ್ನು ಅಮುಕಿ ಹಿಡಿದಿದ್ದವು. ಆ ಬೆರಳುಗಳ ವಿದ್ಯೆ ಬೇಕು, ಆ ಬೆರಳುಗಳಿಂದ ಬಂದ ಒಂದು ತೊಟ್ಟು ಎಣ್ಣೆ ಬೇಡ! ಬೇಡವೆಂದು ಚೆಲ್ಲಿದ್ದರೂ ಸಹಿಸಬಹುದಿತ್ತು. ತನ್ನ ಸುಖಕ್ಕೆ ಬಳಸಿಕೊಂಡು, ತನ್ನ ತಪ್ಪಿಗೆ ಈ ಹುಡುಗನ ಅನ್ನವನ್ನು ಕೇಳುತ್ತಿದ್ದಾನೆ.

ಅವರು ಕಮಲಾಕ್ಷಮ್ಮನ ಕಡೆಗೆ ತಿರುಗಿ, ಮನೆಯ ಗಾಣದ ಎಣ್ಣೆ ಒಂದು ಶೀಸೆ ಸಿಕ್ಕೀತೇ ಎಂದು ಕೇಳಿದರು. ಆಕೆ ಒಳಗಿನಿಂದ ತಂದುಕೊಟ್ಟಳು. ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿ ಶೀಸೆಯ ಗೋಡೆಗೆ ಅಂಟಿಕೊಂಡಿತ್ತು.

"ಒಂದು ಗಳಿಗೆ ಬಿಸಿಲಿಗಿಡಿ, ಕರಗ್ತದೆ. ಈ ಚಳೀಲಿ ತಲೆಗೆ ಹಚ್ಚಕ್ಕೂ ನಾವು ಹಂಗೇ ಮಾಡೋದು," ಎಂದಳು.

"ಹಂಗೇ ಮಾಡ್ತೀನಿ ತಾಯಿ," ಎಂದರು ದ್ಯಾವಯ್ಯ. "ಸಾವ್ಕಾರ್ರೇ, ಹತ್ತು ಗಂಟೆಗೆ ಠಾಣೆಗೆ ಬನ್ನಿ."

ಆಜ್ಞೆಯಂತೆ ಕೇಳಿಸಿದ ಆ ಮಾತೇ ಅವನನ್ನು ಕೆರಳಿಸಿ ಠಾಣೆಗೆ ತಂದಿರಬೇಕು. ಹತ್ತಕ್ಕೆ ಐದು ನಿಮಿಷವಿರುವಾಗಲೇ ಅವನು ಸಬ್‌ಇನ್ಸ್‌ಪೆಕ್ಟರ ಎದುರಿನ ಕುರ್ಚಿಯಲ್ಲಿ ಕುಳಿತಿದ್ದ. ಸಬ್‌ಇನ್ಸ್‌ಪೆಕ್ಟರು ಕೆಟ್ಟವರಲ್ಲ; ಅವರಿಗೆ ಗಲಾಟೆ ಬೇಡವಾಗಿತ್ತು, ಅಷ್ಟೆ. ಗಲಾಟೆ ಬೇಡದವರ ಬಲವೆಲ್ಲ ಯಾವಾಗಲೂ ಕುರ್ಚಿಯಲ್ಲಿ ಕೂತವನ ಕಡೆಗೇ ಸೇರುತ್ತದೆ ಎಂಬುದನ್ನು ದ್ಯಾವಯ್ಯ ನೌಕರಿಯುದ್ದಕ್ಕೂ ಕಂಡಿದ್ದರು. ಅವರು ನಿಂತೇ ಮಾತಾಡಿದರು. ಆಯುಧವನ್ನು ಯಾರೂ ಎಳೆಯಬಾರದು, ಬಡಿಯಬಾರದು, ಬಿಚ್ಚಬಾರದು. ಎಲ್ಲರ ಕಣ್ಣೆದುರಿಗೆ ಮುಕ್ಕಾಲು ಗಂಟೆ ಬಿಸಿಲಲ್ಲಿಡಬೇಕು. ಅವರು ಕೇಳಿದ್ದು ಅಷ್ಟನ್ನೇ.

"ಹಪ್ಪಳ ಸಂಡಿಗೆ ಒಣಗಿಸ್ತಾನೆ ಇವನು," ಎಂದು ಜಯದೇವಪ್ಪ ನಕ್ಕ. ಬಾಗಿಲ ಬಳಿಯಿದ್ದ ಇಬ್ಬರು ಪೇದೆಗಳೂ ನಕ್ಕರು. ದ್ಯಾವಯ್ಯ ನಗುವವರನ್ನು ನೋಡಲಿಲ್ಲ.

ಮಧುಕುಮಾರ್ ಬಿಸಿಲು ಕಾಣದ ಆಯುಧ ಕೊಠಡಿಯಿಂದ ಪಿಸ್ತೂಲು ತಂದ. ಅರ್ಧ ತೆರೆದ ಸ್ಲೈಡಿನ ಸಂದಿಯನ್ನು ದ್ಯಾವಯ್ಯ ಬೆಳಕಿಗೆ ಹಿಡಿದು, ಒಳಗೆ ಗುಂಡಿಲ್ಲವೆಂಬುದನ್ನು ತಾವು ನೋಡಿ, ಸಬ್‌ಇನ್ಸ್‌ಪೆಕ್ಟರಿಗೂ ತೋರಿಸಿದರು. ಠಾಣೆಯ ಮುಂದಿನ ಕಲ್ಲುಮೆಟ್ಟಿಲ ಮೇಲೆ, ಮೂತಿಯನ್ನು ಮರಳು ತುಂಬಿದ ಬಕೆಟ್ಟಿನತ್ತ ತಿರುಗಿಸಿ ಇರಿಸಿದರು. ಪಕ್ಕದಲ್ಲಿ ಕಮಲಾಕ್ಷಮ್ಮ ಕೊಟ್ಟ ಶೀಸೆ.

ಪುಷ್ಯದ ಬಿಸಿಲು ಒಂದೊಂದೇ ಮೆಟ್ಟಿಲಿಳಿಯುತ್ತಿತ್ತು. ಕಪ್ಪು ಕಬ್ಬಿಣ ಅದನ್ನು ಸದ್ದಿಲ್ಲದೆ ಕುಡಿಯಿತು. ಕಾಲು ಗಂಟೆಯಾದಾಗ ಶೀಸೆಯ ಅಂಚಿನಲ್ಲಿ ಬಿಳುಪು ತಿಳಿಯಾಗತೊಡಗಿತು. ಅರ್ಧ ಗಂಟೆಗೆ, ತಿಳಿಯಲ್ಲಿ ಹೆಪ್ಪಿನ ಗೆಡ್ಡೆಯೊಂದು ತೇಲಿ ತಿರುಗಿತು. ಜಯದೇವಪ್ಪ ಗಡಿಯಾರ ನೋಡಿಕೊಂಡು, ಮಂಡಿಯಲ್ಲಿ ಲಾರಿ ಕಾಯುತ್ತಿದೆ ಎಂದ. ಮಧುಕುಮಾರ್ ಪಿಸ್ತೂಲಿನಿಂದ ಕಣ್ಣು ಕೀಳದೆ ನಿಂತಿದ್ದ. ಇದು ನಡೆಯದಿದ್ದರೆ ಕ್ಷಮಾಪಣೆಗೆ ಸಹಿ ಹಾಕುವುದೊಂದೇ ದಾರಿಯೆಂಬುದು ಅವನಿಗೂ ಗೊತ್ತಿತ್ತು, ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಸ್ಲೈಡು ಮೊದಲು ಒಂದು ಕೂದಲೆಳೆಯಷ್ಟು ಮುಂದೆ ಸರಿಯಿತು. ಇನ್ನೊಂದು ಎಳೆ. ಆಮೇಲೆ, ಯಾರ ಬೆರಳೂ ಸೋಕದೆ, ಒಳಗಿನ ಸ್ಪ್ರಿಂಗು ಅದನ್ನು ಒಂದೇ ನೂಕಿಗೆ ಮುಂದಕ್ಕೆ ತಳ್ಳಿತು. ಖಟ್ ಎಂದು ಮುಚ್ಚಿಕೊಂಡಿತು.

ನಕ್ಕಿದ್ದ ಪೇದೆಗಳಲ್ಲೊಬ್ಬ ಬೆಚ್ಚಿ ಹಿಂದೆ ಸರಿದ.

ದ್ಯಾವಯ್ಯ ಪಿಸ್ತೂಲನ್ನೆತ್ತಿ ಒಳಗೆ ತಂದು ಎರಡೇ ಚಲನೆಯಲ್ಲಿ ಸ್ಲೈಡನ್ನು ಕಳಚಿದರು. ಬಿಳಿಯ ಬಟ್ಟೆಯ ತುದಿಯನ್ನು ಅದರ ತೋಡಿನೊಳಗೆ ಎಳೆದು ಮೇಜಿನ ಮೇಲೆ ಹರವಿದರು. ಬಟ್ಟೆಯ ಮೇಲೆ ಕೆಂಪು ಜಿಡ್ಡು ಅಂಟಿತ್ತು: ಕೊಬ್ಬರಿ ಎಣ್ಣೆ, ಗಾಣದ ಗಸಿ, ಅರಿಸಿನ, ಕುಂಕುಮ. ಠಾಣೆಯ ಒಳಗೆಲ್ಲ ಕಮಟು ವಾಸನೆ ಹರಡಿತು.

ಸಬ್‌ಇನ್ಸ್‌ಪೆಕ್ಟರು ಬಟ್ಟೆಯ ಮೇಲೆ ಬಾಗಿ ನೋಡಿದರು. ಜಯದೇವಪ್ಪ ಎದ್ದುನಿಂತು, ಆದದ್ದು ಆಯಿತು, ದೂರು ವಾಪಸು ತೆಗೆದುಕೊಂಡರಾಯಿತಲ್ಲ, ಎಲ್ಲ ಚಳಿಯಿಂದಾದದ್ದು ಎಂದ. ಒಂದು ಕಾಗದ ಕೊಡಿ, ಬರೆದು ಹೋಗುತ್ತೇನೆಂದ.

ದ್ಯಾವಯ್ಯ ಜೇಬಿನಿಂದ ಕ್ಷಮಾಪಣೆಯನ್ನು ತೆಗೆದು, ಬಿಡಿಸಿ, ಖಾಲಿ ಬೆನ್ನು ಮೇಲೆ ಬರುವಂತೆ ಅವನ ಮುಂದಿಟ್ಟರು.

"ಇದರ ಹಿಂದೆ ಬರೀರಿ. ಚಳಿ ಅಂತ ಬರೀಬೇಡಿ ಸಾವ್ಕಾರ್ರೇ. ಚಳಿ ಎಲ್ಲರ ಮನೇಲೂ ಐತೆ. ಎಣ್ಣೆ ಅಂತ ಬರೀರಿ. ಯಾವ ಎಣ್ಣೆ, ಯಾರು ಹಾಕಿದ್ದು, ಬ್ಯಾಡ ಅಂತ ಯಾರು ಹೇಳಿದ್ದು, ಎಲ್ಲಾನೂ ಬರೀರಿ."

ಜಯದೇವಪ್ಪ ಸಬ್‌ಇನ್ಸ್‌ಪೆಕ್ಟರ ಮುಖ ನೋಡಿದ. ಅವರು ಆ ಕೆಂಪು ಬಟ್ಟೆಯನ್ನು ನೋಡುತ್ತಿದ್ದರು. ಅವನು ಬರೆದ. ಬರೆಯುತ್ತ ಎರಡು ಕಡೆ ನಿಲ್ಲಿಸಿದ. ಎರಡು ಕಡೆಯೂ ದ್ಯಾವಯ್ಯ ಬಿಟ್ಟ ಮಾತನ್ನು ಎತ್ತಿಕೊಟ್ಟರು.

ಮಧುಕುಮಾರ್ ಅಷ್ಟರಲ್ಲಿ ಪಿಸ್ತೂಲನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ, ಠಾಣೆಯ ಎಣ್ಣೆಯ ಡಬ್ಬಿ ತೆರೆದಿದ್ದ. ದ್ಯಾವಯ್ಯ ಅವನ ಕೈ ಹಿಡಿದು ತಡೆದರು.

"ಕೇಳು ಮೊದ್ಲು. ಅವರದೇ ವಸ್ತು. ಹಾಕ್ಲಾ ಅಂತ ಕೇಳು."

ಹುಡುಗನ ಮುಖ ಕೆಂಪೇರಿತು. ಅವನಿಗೆ ಇದು ಮುಗಿದಿದ್ದರೆ ಸಾಕಾಗಿತ್ತು. ಆದರೂ ಬೆನ್ನು ನೆಟ್ಟಗೆ ಮಾಡಿಕೊಂಡು ಕೇಳಿದ.

"ಸಾರ್, ಇದು ಬಂದೂಕಿನ ಎಣ್ಣೆ. ನನ್ನ ಕೈಯಾರೆ ಹಾಕ್ತಿದ್ದೀನಿ. ಹಾಕ್ಲಾ?"

ಹೊರಗೆ ಯಾವುದೋ ಲಾರಿ ಹಾರ್ನ್ ಹೊಡೆದು ಹೋಯಿತು. ಜಯದೇವಪ್ಪ ಕಿಟಕಿಯ ಕಡೆಗೆ ಮುಖ ತಿರುಗಿಸಿದ. ದ್ಯಾವಯ್ಯ ಕಾದರು. ಮೂವತ್ತೊಂದು ವರ್ಷ ಕಾದಿದ್ದ ಮನುಷ್ಯನಿಗೆ ಇನ್ನೊಂದು ನಿಮಿಷ ಹೆಚ್ಚಲ್ಲ.

"ಹಾಕಪ್ಪ," ಎಂದ ಜಯದೇವಪ್ಪ, ಕಿಟಕಿಗೆ.

ಒಂದೊಂದು ತೊಟ್ಟು ಬಿತ್ತು. ಸ್ಲೈಡು ನೀರಿನ ಮೇಲಿನ ಎಲೆಯಂತೆ ಹೋಗಿ ಬಂತು. ಮಧುಕುಮಾರ್ ರಿಜಿಸ್ಟರಿನಲ್ಲಿ ಸುಸ್ಥಿತಿಯಲ್ಲಿ ಪಡೆಯಲಾಗಿದೆ ಎಂದು ಬರೆದು, ತನ್ನ ಹೆಸರನ್ನು ಪೂರ್ತಿಯಾಗಿ ಸಹಿ ಮಾಡಿದ. ಆಯುಧ ಕೊಠಡಿಯ ಬೀಗದಕೈ ಅವನ ಬೆಲ್ಟಿನಲ್ಲೇ ಉಳಿಯಿತು.

ಹಳೇಬೀಡಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತರೂ ದ್ಯಾವಯ್ಯನವರ ಸಿಟ್ಟು ಇಳಿಯಲಿಲ್ಲ. ಜಾವಗಲ್ಲು ದಾಟಿತು, ತೆಂಗಿನ ಸಾಲುಗಳು ದಾಟಿದವು. ಕಣ್ಣ ಮುಂದೆ ಮಾತ್ರ ಆ ಮಣೆ ಸದ್ದಿಲ್ಲದೆ ಜೀಕುತ್ತಲೇ ಇತ್ತು.

ಚುನಾವಣೆ ಮುಗಿದು ಪಿಸ್ತೂಲು ಒಡೆಯನ ಮನೆ ಸೇರಿದ ಎಷ್ಟೋ ದಿನಗಳ ಮೇಲೆ, ಯುಗಾದಿಗೆ ಬಂದ ಮಧುಕುಮಾರ್ ಕಮಲಾಕ್ಷಮ್ಮ ಹೇಳಿಕಳಿಸಿದ ಮಾತೊಂದನ್ನು ತಂದಿದ್ದ. ಎಣ್ಣೆ ಮುಗಿದಿದೆಯಂತೆ, ಇನ್ನೊಂದು ಶೀಸೆ ಬೇಕಂತೆ.

ದ್ಯಾವಯ್ಯ ಒಳಗೆ ಹೋಗಿ ತುಂಬಿದ ಶೀಸೆಯೊಂದನ್ನು ತಂದು ಅವನ ಮುಂದೆ ಹಿಡಿದರು. ಅವನು ಕೈಚಾಚಿದ. ಅವರು ಬಿಡಲಿಲ್ಲ.

"ಪಿಸ್ತೂಲಿಗೋ ಉಯ್ಯಾಲೆಗೋ," ಎಂದರು, "ಕೇಳ್ಕೊಂಡು ಬಾ."