ಹಾಳೂರಿನಲ್ಲಿ ಕೂಗಿದ ಹೆಸರು

ಅರ್ಕಾವತಿ ದಡದ ಹಾಳೂರಿನ ದಿಬ್ಬದಲ್ಲಿ ಯಾರನ್ನೂ ಹೆಸರು ಹಿಡಿದು ಕೂಗಬಾರದು. ಕೂಗಿದರೆ ಹಿಂದೆ ಅಲ್ಲಿ ಬಾಳಿದವರು ಆ ಹೆಸರು ಕಲಿತು, ಆಮೇಲೆ ತಾವೇ ಕರೆಯುತ್ತಾರೆ ಎಂದು ಅವ್ವ ಹೇಳುತ್ತಾಳೆ. ಮಣ್ಣು ತೆಗೆಯುವಾಗ ಮಾತೆಲ್ಲ ಹತ್ತಿರ ಹೋಗಿ, ಮೆಲ್ಲಗೆ. ಬಾಂಡ್ಲಿಯನ್ನು ತಟ್ಟಿದರೆ, ಇನ್ನೊಂದು ತುಂಬು ಎಂದರ್ಥ. ನನಗೆ ಅದೇನೂ ಕಷ್ಟವಲ್ಲ. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ಮನೆಯಲ್ಲೂ ನಾನು ಗಟ್ಟಿಯಾಗಿ ಮಾತಾಡುವುದಿಲ್ಲ.

ದಿಬ್ಬದ ಮೇಲೆ ಗಟ್ಟಿ ಕೆಂಪುಮಣ್ಣು. ಅದರಡಿ ಆಳೆತ್ತರ ಕರಿಮಣ್ಣು. ಯಾವ ಕಾಲದವರೋ ಸುರಿದ ಒಲೆಬೂದಿ, ಕೊಟ್ಟಿಗೆ ಕಸ, ಮೂಳೆ, ಮಡಕೆ ಚೂರು ಎಲ್ಲ ಕೊಳೆತು ಹಾಗಾದದ್ದು. ಅದನ್ನು ಹಾಕಿದ ರೇಷ್ಮೆ ತೋಟದಲ್ಲಿ ಸೊಪ್ಪು ಅಂಗೈ ಮೀರಿ ಅಗಲವಾಗುತ್ತದೆ. ಮೇಲಿನ ಕೆಂಪುಮಣ್ಣು ಸರಿಸುವ ತಾಳ್ಮೆ ಯಾರಿಗಿದೆ? ಎಲ್ಲರೂ ಬುಡದಿಂದಲೇ ಬಗೆದು, ಅಲ್ಲೊಂದು ಗುಹೆಯೇ ಆಗಿತ್ತು.

ಅವತ್ತು ಒಳಗೆ ಅಗೆಯುತ್ತಿದ್ದವಳು ನಮ್ಮಣ್ಣನ ಹೆಂಡತಿ ಭಾನುಪ್ರಿಯ. ಅಣ್ಣ ದೇವರಾಜ್ ದಿಬ್ಬದ ಆಚೆ ರಸ್ತೆಯಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿಕೊಂಡಿದ್ದ. ನಾನು ಬಾಂಡ್ಲಿ ಹೊತ್ತು ದಿಬ್ಬ ಹತ್ತಿ ಹೋಗಿ ಅದಕ್ಕೆ ಸುರಿದು ಬರುತ್ತಿದ್ದೆ. ಅವ್ವ ಗುಹೆಯ ಹೊರಗೆ ಕೂತು ಮಣ್ಣಿನಿಂದ ಮಡಕೆ ಚೂರು ಆಯುತ್ತಿದ್ದಳು.

"ಅವರ ಒಲೆಬೂದಿ ನಮ್ಮ ಹುಳಕ್ಕೆ ಊಟ," ಅತ್ತಿಗೆ ಪಿಸುಗುಟ್ಟಿ ನಕ್ಕಳು. "ಯಾವತ್ತಾದ್ರೂ ಎದ್ಬಂದು ಗೂಡಲ್ಲಿ ಪಾಲು ಕೇಳ್ತಾರೆ ನೋಡು."

ಮೂರನೇ ಸಲ ದಿಬ್ಬ ಹತ್ತಿದಾಗ ಹುಲ್ಲಿನ ನಡುವೆ ಸಣ್ಣ ಬಿರುಕು ಕಂಡಿತು. ಬೆಳಗ್ಗೆ ಇರಲಿಲ್ಲ. ಕೆಳಗಿಳಿದು ಅವ್ವನಿಗೆ ಹೇಳಿದೆ.

"ಬಿಸಿಲಿಗೆ ನೆಲ ಬಿರಿಯದೆ ಇನ್ನೇನ್ ಮಾಡ್ತದೆ? ಕೆಲಸ ಕದಿಯೋಕೆ ಒಂದು ನೆವ ನಿಂಗೆ."

ಮುಂದಿನ ಸಲ ಬಿರುಕಿನೊಳಗೆ ನನ್ನ ಅಂಗೈ ಹೋಯಿತು. ಕೈ ಇಟ್ಟಿರುವಾಗಲೇ ಒಳಗೆ ಒಂದು ಬೇರು ಪಟ್ಟೆಂದು ಹರಿಯಿತು.

ಸುತ್ತಿ ಇಳಿಯುವಷ್ಟು ಹೊತ್ತಿಲ್ಲ ಅನ್ನಿಸಿತು. ಅಂಚಿನಲ್ಲಿ ನಿಂತು ಬಾಂಡ್ಲಿಯನ್ನು ಒಂದೇ ಸಮ ಬಡಿದೆ. ಕೆಳಗಿನಿಂದ ಅತ್ತಿಗೆಯ ದನಿ ಬಂತು: "ತುಂಬ್ತಾ ಇವ್ನಿ, ಒಸಿ ತಡಿ." ಗುದ್ದಲಿಯ ಏಟು ಇನ್ನೂ ಒಳಕ್ಕೆ ಹೋಯಿತು.

"ಅತ್ತಿಗೆ," ಎಂದೆ. ನನ್ನ ಗಂಟಲಿನಲ್ಲಿ ಇದ್ದದ್ದೇ ಅಷ್ಟು ದನಿ. ಗುದ್ದಲಿ ನಿಲ್ಲಲಿಲ್ಲ. ಕಾಲಡಿಯ ನೆಲ ಒಂದಿಷ್ಟು ವಾಲಿತು.

"ಭಾನುಪ್ರಿಯಾ!"

ಅವಳ ಹೆಸರನ್ನು ನಾನು ಅದುವರೆಗೆ ಬಾಯಿಂದ ಆಡಿರಲೇ ಇಲ್ಲ. ಗುದ್ದಲಿ ನಿಂತಿತು. ನಾನು ಜಾರುತ್ತಾ ಕೆಳಗೆ ಬಂದಾಗ ಅತ್ತಿಗೆ ಈಚೆ ಬಂದು ನಿಂತಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

"ನಿನ್ನ ಬಾಯಿಗೆ ಮಣ್ಣಾಕ," ಅವ್ವ ಹತ್ತಿರ ಬಂದು ಹಲ್ಲು ಕಚ್ಚಿ ಬೈದಳು. "ಇಲ್ಲಿ ಹೆಸರು ಹೇಳ್ಬುಟ್ಟೆಯಲ್ಲೇ."

ದಿಬ್ಬ ಹಾಗೇ ನಿಂತಿತ್ತು. ಅಷ್ಟು ದೊಡ್ಡದು, ಅಷ್ಟು ನಿಶ್ಚಲ. ನಾನು ಕಂಡದ್ದು ಸುಳ್ಳಿರಬಹುದೇ ಅನ್ನಿಸಿತು.

"ಗುದ್ದಲಿ ತಗೊಂಡು ಬಾರವ್ವ, ಮನೆಗೆ ಹೋಗಣ," ಅವ್ವ ಅತ್ತಿಗೆಗೆ ಹೇಳಿದಳು. ಅತ್ತಿಗೆ ಗುಹೆಯ ಕಡೆ ತಿರುಗಿದಳು. ನಾನು ಅವಳ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಬಿಡೇ."

ಬಿಡಲಿಲ್ಲ. ಅವಳು ಎಳೆದಳು, ಸೆರಗಿನ ಪಿನ್ನು ಕಿತ್ತುಬಂತು. ಆಗ ದಿಬ್ಬ ಕುಸಿಯಿತು. ದೊಡ್ಡ ಸದ್ದೇನೂ ಆಗಲಿಲ್ಲ, ಮೂಟೆ ಇಳಿಸಿದ ಹಾಗೆ ಒಂದು ಉಸಿರು, ಅಷ್ಟೆ. ಕರಿ ಧೂಳು ನಮ್ಮ ಬಾಯಿ ಮೂಗು ತುಂಬಿತು. ಗುಹೆ ಇದ್ದ ಕಡೆ ಗುಹೆ ಇರಲಿಲ್ಲ.

ಅವ್ವ ನೆಲದ ಮೇಲೆ ಕೂತುಬಿಟ್ಟಳು. ಅತ್ತಿಗೆ ನನ್ನ ಮಣಿಕಟ್ಟನ್ನು ಹಿಡಿದಳು. ಅವಳ ಬೆರಳು ತಣ್ಣಗಿತ್ತು.

"ನನ್ನ ಹೆಸರು ಹಿಡಿದು ಕರೆದವಳು ನೀನೇ ತಾನೆ?"

"ನಾನೇ."

"ಎರಡು ಸಲವೂ?"

ನಾನು ಅವಳ ಹೆಸರು ಕೂಗಿದ್ದು ಒಂದೇ ಸಲ. ಅತ್ತಿಗೆ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ಬೆನ್ನ ಹಿಂದೆ ಕರಿಮಣ್ಣು ಇನ್ನೂ ಸರಸರ ಜಾರುತ್ತಿತ್ತು.

"ಹೂಂ," ಎಂದೆ. "ಎರಡು ಸಲವೂ ನಾನೇ."