ತಾನಾಗಿ ಬಿದ್ದ ತಾಳ

ಅಂಬುಜಕ್ಕನ ಬಲಗೈ ಹೆಬ್ಬೆರಳು ಮಡಿಲಲ್ಲಿ ಮಿಡಿಯತೊಡಗಿದ್ದನ್ನು ಮೊದಲು ಕಂಡವನು ನಾನು, ಅವಳ ತಮ್ಮ. ಮಠದ ಜಗುಲಿಯಲ್ಲಿ ಕುಳಿತು ಅವಳು ಯುದ್ಧದ ಸಂಧಿಯನ್ನು ರಾಗವಾಗಿ ಓದುತ್ತಿದ್ದಳು. ಹಾಡಿಗೆ ತಾಳ ಉಂಟು, ಹೀಗೆ ಕಾವ್ಯ ಓದುವ ಗಮಕಕ್ಕಿಲ್ಲ. ಪದ್ಯದ ಅರ್ಥ ನಿಂತಲ್ಲಿ ದನಿ ನಿಲ್ಲಬೇಕು, ಅಷ್ಟೆ. ಎಳವೆಯಿಂದ ಅದನ್ನೇ ಕೇಳಿ ಬೆಳೆದ ನನಗೆ ಆ ಬೆರಳು ಯಾವುದಕ್ಕೆ ತಾಳ ಹಾಕುತ್ತಿದೆಯೆಂದು ತಿಳಿಯಲಿಲ್ಲ.

ಪಕ್ಕದಲ್ಲಿ ಅರ್ಥ ಹೇಳಲು ಕುಳಿತಿದ್ದ ವೆಂಕಣ್ಣಾಚಾರ್ಯರು ಕೆಣಕಿದರು: "ಏನಮ್ಮಾ ಅಂಬುಜ, ಭಜನೆ ಶುರು ಮಾಡಿದ್ಯಾ? ನಾನೂ ಜಾಗಟೆ ತರಲಾ?"

ಜನ ನಕ್ಕರು. ಅಕ್ಕನೂ ನಕ್ಕಳು. ಬೆರಳು ನಿಲ್ಲಲಿಲ್ಲ. ನೋಡನೋಡುತ್ತ ಇಡೀ ತೋಳು ಅದುರಿ ಅವಳು ಪಕ್ಕಕ್ಕೆ ವಾಲಿದಳು.

ಮಿದುಳಿನ ಹೊದಿಕೆಯಲ್ಲಿ ಗಡ್ಡೆ, ಎಡಭಾಗದಲ್ಲಿ, ಎಂದರು ಡಾಕ್ಟರು. ಇಂಥವು ಬಹುಮಟ್ಟಿಗೆ ಸಾಧುವಂತೆ. ಇದು ಬೇಗ ಬೆಳೆಯುವ ಜಾತಿ. ತೆಗೆದರು, ಕಿರಣಚಿಕಿತ್ಸೆಯನ್ನೂ ಕೊಟ್ಟರು. ಮತ್ತೆ ಬರಬಹುದು, ಸ್ಕ್ಯಾನ್ ತಪ್ಪಿಸಬೇಡಿ ಎಂದು ಎಚ್ಚರಿಸಿ ಕಳಿಸಿದರು. ಹೊಲಿಗೆಯ ಗುರುತಿನ ಮೇಲೆ ಸೆರಗು ಹೊದ್ದು ಅಕ್ಕ ಮತ್ತೆ ಜಗುಲಿಗೆ ಬಂದಳು. ಹೊಸಬರು ಅದನ್ನು ಭಕ್ತಿಯೆಂದುಕೊಂಡರು. ನಾನು ಕತೆ ಕೇಳುವುದನ್ನು ಬಿಟ್ಟು ಅವಳ ಕೈ ಕಾಯತೊಡಗಿದೆ.

ಕೆಲವು ವರ್ಷಗಳ ಮೇಲೆ ಆ ಕೈ ಗ್ರಂಥದ ಕೆಳಗೆ ಸೇರಿಕೊಂಡಿತು. ಅದೇ ಹೊತ್ತಿಗೆ ಆಚಾರ್ಯರ ವ್ಯಾಖ್ಯಾನವೂ ಉದ್ದವಾಯಿತು. ಒಂದೊಂದು ಪದ್ಯಕ್ಕೆ ಉಪಕತೆಯ ಮೇಲೆ ಉಪಕತೆ. ಒಂದು ಸಂಜೆ ಜನ ಎದ್ದು ಹೋದ ಮೇಲೆ ನಾನು ಗ್ರಂಥ ಎತ್ತಿದೆ. ಹೆಬ್ಬೆರಳು ಮಿಡಿಯುತ್ತಿತ್ತು.

"ಯಾವಾಗಿಂದ ಅಕ್ಕಾ?"

"ಸ್ಕ್ಯಾನ್ ಆಗಿದೆ ಕಣೋ. ಬಂದಿದೆ."

ಆಚಾರ್ಯರು ತಲೆ ತಗ್ಗಿಸಿದರು. "ಬೆರಳು ನಿಲ್ಲೋವರೆಗೂ ನೀವು ಮಾತಾಡ್ತಿರಿ ಅಂದ್ಳು. ಮಾತಾಡ್ದೆ. ಈ ಮುದುಕನಿಗೆ ಅರಳುಮರಳು ಅಂತ ಜನ ನನ್ನೇ ಬೈಕೊಂಡ್ರು."

ಗಡ್ಡೆ ತೆಗೆಯದಿದ್ದರೆ ಅವಳು ಉಳಿಯುವುದಿಲ್ಲ. ತೆಗೆದರೆ ಮಾತು ಹೋಗಬಹುದು. ಅಕ್ಕ ಡಾಕ್ಟರಿಗೆ ಬೇಡವೆಂದು ಹೇಳಿ ಬಂದಿದ್ದಳು.

"ಪದ್ಯ ಹೋದ್ಮೇಲೆ ಇದ್ದು ಏನ್ಮಾಡ್ಲಿ? ಗೋಡೆ ನೋಡ್ಕೊಂಡು ಕೂತ್ಕೊಳ್ಳಾ?"

ನಾನು ಕೇಳುವವನೇ ಹೊರತು ಮಾತಿನವನಲ್ಲ. ಆದರೂ ಅಂದೆ: "ಕೂತ್ಕೋ. ಪಕ್ಕದಲ್ಲಿ ನಾನೂ ಕೂತ್ಕೋತೀನಿ. ಇಷ್ಟು ವರ್ಷ ನಿನ್ನ ಬಾಯಿ ನೋಡ್ಕೊಂಡು ಕೂತಿರ್ಲಿಲ್ವಾ, ಗೋಡೆ ಏನು ದೊಡ್ಡ ಕಷ್ಟ."

ಅವಳು ನನ್ನ ಕೈಯಿಂದ ಗ್ರಂಥ ತೆಗೆದುಕೊಂಡು ಮುಚ್ಚಿಟ್ಟಳು. ಆಮೇಲೆ, "ಡಾಕ್ಟರಿಗೆ ನೀನೇ ಹೇಳು. ಅಷ್ಟು ಜಗಳ ಆಡಿ ಬಂದಿದೀನಿ, ನಂಗೆ ನಾಚಿಕೆ" ಎಂದಳು.

ಅಕ್ಕ ಉಳಿದಳು. ಮಾತು ಉಳಿಯಲಿಲ್ಲ. ನೀರು ಎಂಬ ಪದಕ್ಕೂ ತಡಕಾಡಿ ಕೊನೆಗೆ ಲೋಟ ತೋರಿಸುತ್ತಿದ್ದಳು. ಗಡ್ಡೆ ಬುಡಸಮೇತ ಬಂದಿಲ್ಲವೆಂದು ಡಾಕ್ಟರು ಹೇಳಿದ್ದರು. ಮನೆಯಲ್ಲಿ ಯಾರೂ ಬರುವ ವರ್ಷದ ಮಾತೆತ್ತುತ್ತಿರಲಿಲ್ಲ.

ಒಂದು ಮಧ್ಯಾಹ್ನ ಆಚಾರ್ಯರು ಬಂದರು. ಅವರನ್ನು ಕಂಡದ್ದೇ ಅಕ್ಕ ಬೆನ್ನು ನೆಟ್ಟಗೆ ಮಾಡಿ ಕುಳಿತಳು. ತುಟಿ ತೆರೆಯಿತು. ಒಂದಕ್ಷರವಿಲ್ಲ, ಬರಿಯ ರಾಗ, ಮುಖಾರಿ, ಷಟ್ಪದಿಯ ಆರೂ ಸಾಲಿನ ಏರಿಳಿತ ಕದಲದಂತೆ. ರಣದಲ್ಲಿ ಬಿದ್ದ ಮಗನನ್ನು ತಾಯಿ ಹುಡುಕುವ ಪದ್ಯವೆಂದು ನನಗೂ ತಿಳಿಯಿತು.

ಆಚಾರ್ಯರು ಗಂಟಲು ಸರಿಮಾಡಿಕೊಂಡು, ಊರೇ ಎದುರಿಗೆ ಕುಳಿತಿದೆಯೆಂಬಂತೆ, ಅದರ ಅರ್ಥ ಹೇಳಿದರು. ಚುಟುಕಾಗಿ ಮುಗಿಸಿದರು. ಮುಂದಿನ ಪದ್ಯಕ್ಕಾಗಿ ಇಬ್ಬರೂ ಅಕ್ಕನ ಕಡೆ ತಿರುಗಿದೆವು. ಅವಳು ಉಸಿರು ಎಳೆದುಕೊಳ್ಳುತ್ತಿದ್ದಳು.